ಏಳು ಬಾಗಿಲು, ಒಂದೇ ಕಿಟಕಿ

ಆ ಕೋಣೆಗೆ ಏಳು ಬಾಗಿಲುಗಳಿವೆ, ಕಿಟಕಿ ಮಾತ್ರ ಒಂದೇ. ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿ, ಹಡ್ಸನ್ ನದಿಯ ಪಶ್ಚಿಮ ದಂಡೆಯ ಮೇಲಿರುವ ಹಾಸ್‌ಬ್ರೂಕ್ ಕುಟುಂಬದ ಕಲ್ಲಿನ ಮನೆಯ ನಡುಮನೆ ಅದು. ಡಚ್ ಮಾದರಿಯ ಅಗ್ಗಿಷ್ಟಿಕೆಗೆ ಅಕ್ಕಪಕ್ಕದಲ್ಲಿ ಗೋಡೆಯ ಆಸರೆಯಿಲ್ಲ. ಉರಿ ನೆಲದ ಮೇಲೆ, ಹೊಗೆ ಸೆಳೆಯುವ ಗೂಡು ತಲೆಯ ಮೇಲೆ. 18ನೇ ಶತಮಾನದಲ್ಲಿ ಒಂದು ಸಂಸಾರ ಹಂತಹಂತವಾಗಿ ಕಟ್ಟಿ ಬೆಳೆಸಿದ ಈ ಮನೆಯನ್ನು ಅಮೆರಿಕ ಇಂದು ಕಾಪಾಡಿಕೊಂಡಿರುವುದು ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನಾಪತಿಯಾಗಿದ್ದ ಜಾರ್ಜ್ ವಾಷಿಂಗ್ಟನ್ ಅವರ ಸೇನಾ ಮುಖ್ಯ ಕಚೇರಿಯೆಂದು.

ಯಜಮಾನ ಜೊನಾಥನ್ ಹಾಸ್‌ಬ್ರೂಕ್ 1780ರಲ್ಲೇ ತೀರಿಕೊಂಡಿದ್ದರು. 1782ರ ವಸಂತದಲ್ಲಿ ಸೇನಾಪತಿ ಬಂದಾಗ ಮನೆಯ ಹೊಣೆ ಜೊನಾಥನ್ ಅವರ ಪತ್ನಿ ಟ್ರಿಂಟ್ಯೆ ಅವರ ಮೇಲಿತ್ತು. ಆಕೆ ಬಿಟ್ಟುಕೊಟ್ಟ ಮನೆಯಲ್ಲಿ ವಾಷಿಂಗ್ಟನ್ 1783ರ ಆಗಸ್ಟ್‌ವರೆಗೆ, ಹದಿನಾರು ತಿಂಗಳಿಗೂ ಹೆಚ್ಚು ಕಾಲ ಇದ್ದರು. ಇಡೀ ಯುದ್ಧದಲ್ಲಿ ಅವರು ಇಷ್ಟು ದೀರ್ಘಕಾಲ ತಂಗಿದ ಮುಖ್ಯ ಕಚೇರಿ ಬೇರೊಂದಿಲ್ಲ.

ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ದಳಪತಿ ಕಾರ್ನ್‌ವಾಲಿಸ್ ಶರಣಾಗಿ ಆಗಲೇ ತಿಂಗಳುಗಳು ಕಳೆದಿದ್ದವು. (ಹತ್ತು ವರ್ಷಗಳ ನಂತರ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಇವರೇ. ಅದೇ 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಮೈಸೂರಿನ ಹೆಸರು ಅಷ್ಟು ದೂರ ತಲುಪಿತ್ತು.) ಆದರೆ ಒಪ್ಪಂದವಾಗಿರಲಿಲ್ಲ, ಬ್ರಿಟಿಷ್ ಸೇನೆ ನ್ಯೂಯಾರ್ಕ್ ನಗರವನ್ನು ಬಿಟ್ಟಿರಲಿಲ್ಲ. ಅಮೆರಿಕದ ಸೈನಿಕರಿಗೆ ಯುದ್ಧವಿಲ್ಲ, ಮನೆಗೆ ಹೋಗುವಂತಿಲ್ಲ, ಸಂಬಳವೂ ಇಲ್ಲ. ನನ್ನ ಮಟ್ಟಿಗೆ ಈ ಮನೆಯ ಮಹತ್ವವಿರುವುದು ಈ ಕಾಯುವಿಕೆಯಲ್ಲೇ. ಗೆದ್ದ ಸೇನೆ ತನ್ನದೇ ಸರ್ಕಾರದ ಮೇಲೆ ತಿರುಗಿಬೀಳಬಹುದಾದ ಹೊತ್ತು ಅದು.

1782ರ ಮೇ 22ರಂದು ಕರ್ನಲ್ ಲೂಯಿಸ್ ನಿಕೋಲಾ ಅವರಿಂದ ಪತ್ರವೊಂದು ಬಂತು. ಗಣರಾಜ್ಯಗಳು ದುರ್ಬಲ, ರಾಜತ್ವವೇ ಲೇಸು, ಆ ಪಟ್ಟಕ್ಕೆ ವಾಷಿಂಗ್ಟನ್ ಅವರೇ ತಕ್ಕವರು ಎಂಬುದು ಅದರ ಇಂಗಿತ. ವಾಷಿಂಗ್ಟನ್ ಅಂದೇ ಕಟುವಾಗಿ ಉತ್ತರ ಬರೆದು ಆ ಮಾತನ್ನು ತಳ್ಳಿಹಾಕಿದರು. ಆಗಸ್ಟ್ 7ರಂದು ಅವರು ಹೊರಡಿಸಿದ ಒಂದು ಆದೇಶವೂ ನನಗೆ ಅಷ್ಟೇ ಮುಖ್ಯ: ಸಾಮಾನ್ಯ ಸೈನಿಕನ ಸಾಹಸಕ್ಕೆ ನೇರಳೆ ಬಣ್ಣದ, ಹೃದಯದಾಕಾರದ ಬಟ್ಟೆಯ ಲಾಂಛನ. 1932ರಲ್ಲಿ 'ಪರ್ಪಲ್ ಹಾರ್ಟ್' ಪದಕವಾಗಿ ಮರಳಿ ಬಂದದ್ದು ಅದೇ.

1783ರ ಮಾರ್ಚ್‌ನಲ್ಲಿ ಸೇನಾಧಿಕಾರಿಗಳ ಅಸಮಾಧಾನ ಬಹಿರಂಗ ಬೆದರಿಕೆಯಾಯಿತು. ಮಾರ್ಚ್ 15ರಂದು, ಕೆಲವೇ ಮೈಲಿ ದೂರದ ನ್ಯೂ ವಿಂಡ್ಸರ್ ಶಿಬಿರದಲ್ಲಿ ಅವರ ಮುಂದೆ ನಿಂತ ವಾಷಿಂಗ್ಟನ್ ಭಾಷಣ ಮುಗಿಸಿ, ಒಂದು ಪತ್ರ ಓದಲು ಹೊರಟು ತಡವರಿಸಿದರು. ಜೇಬಿನಿಂದ ಕನ್ನಡಕ ತೆಗೆದರು. ಅವರು ಕನ್ನಡಕ ಹಾಕಿದ್ದನ್ನು ಅಲ್ಲಿದ್ದ ಬಹುತೇಕರು ಅದುವರೆಗೆ ಕಂಡಿರಲಿಲ್ಲ. ನಿಮ್ಮ ಸೇವೆಯಲ್ಲಿ ತಲೆ ನರೆಯಿತು, ಈಗ ಕಣ್ಣೂ ಮಂಜಾಗುತ್ತಿದೆ ಎಂಬ ಅರ್ಥದ ಮಾತು ಕೇಳಿ ಕೆಲವರ ಕಣ್ಣು ತುಂಬಿತು. ಬಂಡಾಯದ ಮಾತು ಅಲ್ಲಿಗೆ ನಿಂತಿತು.

ಸೇನೆ ಹೋಯಿತು, ಮನೆ ಮತ್ತೆ ಹಾಸ್‌ಬ್ರೂಕ್‌ರ ಪಾಲಿಗೆ ಬಂತು. ಜೊನಾಥನ್ ಹೆಸರನ್ನೇ ಹೊತ್ತ ಮೊಮ್ಮಗನ ಕಾಲದಲ್ಲಿ ಅಡಮಾನದ ಸಾಲ ತೀರದೆ ಆಸ್ತಿ ರಾಜ್ಯ ಸರ್ಕಾರದ ವಶವಾಯಿತು. ಹರಾಜು ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ನ್ಯೂಯಾರ್ಕ್ ಅದನ್ನು ಉಳಿಸಿಕೊಳ್ಳಲು 1850ರಲ್ಲಿ ಕಾನೂನು ಮಾಡಿತು; ಜುಲೈ 4ರಂದು ಜನರಲ್ ವಿನ್‌ಫೀಲ್ಡ್ ಸ್ಕಾಟ್ ಅಲ್ಲಿ ಬಾವುಟ ಹಾರಿಸಿದರು. ಅಮೆರಿಕದಲ್ಲಿ ಸರ್ಕಾರವೇ ತನ್ನದಾಗಿಸಿಕೊಂಡು ಕಾಪಾಡಿದ ಮೊದಲ ಐತಿಹಾಸಿಕ ಸ್ಥಳ ಇದು. ವಾಷಿಂಗ್ಟನ್ ಅವರ ಸ್ವಂತ ಮನೆ ಮೌಂಟ್ ವರ್ನನ್‌ಗೆ ಆ ಭಾಗ್ಯ ಒದಗಲಿಲ್ಲ. 1858ರಲ್ಲಿ ಅದರ ಖರೀದಿಗೆ ಮಹಿಳೆಯರ ಸಂಘವೊಂದು ಚಂದಾ ಎತ್ತಬೇಕಾಯಿತು.

ಇಂದು ಈ ತಾಣದ ಹೆಸರಿನಲ್ಲಿರುವುದು ವಾಷಿಂಗ್ಟನ್ ಮಾತ್ರ. ಏಳು ಬಾಗಿಲಿನ ಆ ಕೋಣೆಗೆ ಜನರನ್ನು ಕರೆದೊಯ್ಯುವವರು ಮೊದಲು ಟ್ರಿಂಟ್ಯೆ ಅವರ ಹೆಸರು ಹೇಳಿ, ಆಮೇಲೆ ಸೇನಾಪತಿಯ ಮಾತಿಗೆ ಬರಲಿ ಎಂಬುದು ನನ್ನ ಆಸೆ.