ಕಾಪಿಲೆಫ್ಟ್: ಹಕ್ಕನ್ನು ಉಳಿಸಿಕೊಂಡೇ ಹಂಚುವ ಪರವಾನಗಿ

ತಂತ್ರಾಂಶವನ್ನು ಹಂಚುವ ಪರವಾನಗಿಗಳಲ್ಲಿ ಒಂದು ಬಗೆಗೆ ಕಾಪಿಲೆಫ್ಟ್ ಎಂದು ಹೆಸರು. ಈ ಪರವಾನಗಿ ಇರುವ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಪ್ರೋಗ್ರಾಮರ್ ಬರೆದ ಮೂಲ ರೂಪವಾದ ಸೋರ್ಸ್ ಕೋಡನ್ನು ಓದಿ ತಿದ್ದಬಹುದು, ಇತರರಿಗೆ ಕೊಡಬಹುದು, ದುಡ್ಡಿಗೆ ಮಾರಲೂಬಹುದು. ಆದರೆ ಅದನ್ನಾಗಲಿ, ಅದನ್ನು ತಿದ್ದಿ ಮಾಡಿದ್ದನ್ನಾಗಲಿ ಇನ್ನೊಬ್ಬರ ಕೈಗೆ ಕೊಡುವಾಗ ತಾನು ಪಡೆದ ಸ್ವಾತಂತ್ರ್ಯವನ್ನೆಲ್ಲ, ಸೋರ್ಸ್ ಕೋಡ್ ಸಮೇತ, ಅವರಿಗೂ ಕೊಡಬೇಕು. ಕಾಪಿರೈಟ್ ಪದದ ‘ರೈಟ್’ಗೆ ಹಕ್ಕು, ಬಲಗಡೆ ಎಂಬ ಎರಡೂ ಅರ್ಥಗಳಿರುವುದರಿಂದ ಅದನ್ನು ಎಡಕ್ಕೆ ಹೊರಳಿಸಿ ಮಾಡಿದ ಶ್ಲೇಷೆ ಇದು. ಕನ್ನಡದಲ್ಲಿ ಆ ಶ್ಲೇಷೆ ಉಳಿಯುವುದಿಲ್ಲವಾದ್ದರಿಂದ ಪದವನ್ನು ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಹೆಸರು ಕೇಳಿದವರು ಇದು ಕೃತಿಸ್ವಾಮ್ಯವನ್ನು ಬಿಟ್ಟುಕೊಡುವ ಕ್ರಮವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಕಾಪಿಲೆಫ್ಟ್ ನಿಂತಿರುವುದೇ ಕೃತಿಸ್ವಾಮ್ಯದ ಮೇಲೆ: ಕೋಡ್ ಬರೆದವರಿಗೆ ಕಾನೂನಿನಂತೆ ಹಕ್ಕು ಇರುವುದರಿಂದಲೇ ಅವರು ಷರತ್ತು ಹಾಕಬಲ್ಲರು, ಷರತ್ತು ಮುರಿದವರನ್ನು ನ್ಯಾಯಾಲಯಕ್ಕೆ ಎಳೆಯಬಲ್ಲರು. ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಿದ್ದರೆ ಕೇಳಲು ಅವರಿಗೆ ಆಧಾರವೇ ಇರುತ್ತಿರಲಿಲ್ಲ.

ಷರತ್ತಿಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ಸಿಸ್ಟಮ್ ಎಂಬ ತಂತ್ರಾಂಶ ಒಳ್ಳೆಯ ನಿದರ್ಶನ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾದ ಈ ತಂತ್ರಾಂಶವನ್ನು ಬಹಳ ಸಡಿಲವಾದ ಪರವಾನಗಿಯಲ್ಲಿ ಹಂಚಲಾಯಿತು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮಾರುವ ಹಲವು ಕಂಪನಿಗಳು ಅದನ್ನು ತಮ್ಮ ಯಂತ್ರಗಳಿಗೆ ಅಳವಡಿಸಿ, ಯಂತ್ರಕ್ಕಷ್ಟೇ ಅರ್ಥವಾಗುವ ಬೈನರಿಯನ್ನು ಮಾತ್ರ ಗ್ರಾಹಕರಿಗೆ ಕೊಟ್ಟವು. ಮೂಲದಲ್ಲಿ ಎಲ್ಲರದೂ ಆಗಿದ್ದ ಕೋಡ್, ಕೊನೆಗೆ ಅದನ್ನು ಬಳಸುವವನ ಬಳಿಗೆ ಬರುವಷ್ಟರಲ್ಲಿ ಮುಚ್ಚಿದ ಪೆಟ್ಟಿಗೆಯಾಗಿತ್ತು. ಎಲ್ಲರೂ ಬಳಸಿ ತಿದ್ದಬಲ್ಲ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆಯನ್ನು 1983ರಲ್ಲಿ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ತಮ್ಮ ಕೋಡಿಗೆ ಈ ಗತಿ ಬರಬಾರದೆಂದೇ ಕಾಪಿಲೆಫ್ಟ್ ಷರತ್ತನ್ನು ರೂಪಿಸಿದರು. 1989ರಲ್ಲಿ ಅದು ಜಿಪಿಎಲ್ ಎಂಬ ಸಾಮಾನ್ಯ ಪರವಾನಗಿಯಾಯಿತು. ಎರಡನೆಯ ಆವೃತ್ತಿ 1991ರಲ್ಲಿ, ಮೂರನೆಯದು 2007ರಲ್ಲಿ ಬಂದವು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ಇಂದಿಗೂ ಎರಡನೆಯ ಆವೃತ್ತಿಯಲ್ಲೇ ಇದೆ.

ಷರತ್ತು ಕೆಲಸ ಮಾಡುವ ಬಗೆಯನ್ನು 2003ರ ಒಂದು ಪ್ರಸಂಗ ಸ್ಪಷ್ಟವಾಗಿ ತೋರಿಸುತ್ತದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್ ಆಗ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿತ್ತು: ನೀಲಿ ಕಪ್ಪು ಬಣ್ಣದ, ಹಿಂದೆ ಎರಡು ಆಂಟೆನಾಗಳಿರುವ ಪುಟ್ಟ ಡಬ್ಬಿ. ಅದನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನು ಬಿಚ್ಚಿ ನೋಡಿದ ಪ್ರೋಗ್ರಾಮರುಗಳಿಗೆ ಒಳಗೆ ಕಂಡದ್ದು ಲಿನಕ್ಸ್. ಜಿಪಿಎಲ್ ಕೋಡ್ ಇದ್ದರೂ ಸೋರ್ಸ್ ಕೊಟ್ಟಿರಲಿಲ್ಲ. ಒತ್ತಾಯ ಹೆಚ್ಚಿದ ಮೇಲೆ ಕಂಪನಿ ಅದನ್ನು ಪ್ರಕಟಿಸಿತು. ಆ ಕೋಡನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿತು; ಆ ರೌಟರಿನ ಹೆಸರನ್ನೇ ಹೊತ್ತ ಈ ಯೋಜನೆಯ ತಂತ್ರಾಂಶ ಇಂದು ಬೇರೆ ಬೇರೆ ತಯಾರಕರ ನೂರಾರು ಮಾದರಿಯ ರೌಟರುಗಳಲ್ಲಿ ನಡೆಯುತ್ತದೆ. ಕರ್ನಲ್‌ಗೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದ ಒಬ್ಬ ಪ್ರೋಗ್ರಾಮರ್, ತನ್ನ ಮನೆಯ ರೌಟರಿನೊಳಗೆ ನಡೆಯುತ್ತಿರುವ ತನ್ನದೇ ಕೋಡನ್ನು ನೋಡಿ ತಿದ್ದುವ ಅಧಿಕಾರ ಪಡೆದದ್ದು ಆ ಷರತ್ತಿನಿಂದ. ನನ್ನ ಮಟ್ಟಿಗೆ ಕಾಪಿಲೆಫ್ಟ್‌ನ ಸಮರ್ಥನೆಗೆ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಇಲ್ಲಿ ‘ಸೋರ್ಸ್’ ಎಂದರೆ ಏನೆಂಬುದನ್ನೂ ಜಿಪಿಎಲ್ ಹೇಳಿಬಿಟ್ಟಿದೆ: ತಿದ್ದುಪಡಿ ಮಾಡಲು ಯಾವ ರೂಪ ಅನುಕೂಲವೋ ಆ ರೂಪ. ಎರಡನೆಯ ಆವೃತ್ತಿಯ ಪ್ರಕಾರ ಕಂಪೈಲ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳೂ ಅದರಲ್ಲಿ ಸೇರಬೇಕು. ಹೀಗಿರುವುದರಿಂದ, ಓದಲಾಗದಂತೆ ಗೋಜಲು ಮಾಡಿದ ಕಡತಗಳನ್ನು ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ.

ಷರತ್ತಿಗೆ ಮಿತಿಯೂ ಇದೆ. ತಿದ್ದಿದ ಕೋಡನ್ನು ತನ್ನಲ್ಲೇ ಬಳಸಿಕೊಳ್ಳುವವರು ಯಾರಿಗೂ ಏನೂ ಕೊಡಬೇಕಾಗಿಲ್ಲ. ಹಂಚಿದಾಗ ಮಾತ್ರ ಹೊಣೆ ಹುಟ್ಟುತ್ತದೆ. ತಂತ್ರಾಂಶವನ್ನು ಹಂಚದೆ ಸರ್ವರ್‌ನಲ್ಲಿಟ್ಟು ಸೇವೆಯಾಗಿ ನೀಡುವ ಕಾಲ ಬಂದಾಗ ಈ ಸಂದು ದೊಡ್ಡದಾಯಿತು. ಅದನ್ನು ಮುಚ್ಚಲು ಬಂದದ್ದು ಎಜಿಪಿಎಲ್ ಎಂಬ ಪರವಾನಗಿ: ತಿದ್ದಿದ ತಂತ್ರಾಂಶವನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಅದರ ಸೋರ್ಸ್ ಸಿಗಬೇಕೆಂದು ಅದು ಹೇಳುತ್ತದೆ. ಇನ್ನೊಂದು ದಿಕ್ಕಿನಲ್ಲಿ, ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಂತೆಗಳಾದ ಲೈಬ್ರರಿಗಳಿಗೆಂದು ಎಲ್‌ಜಿಪಿಎಲ್ ಎಂಬ ಮೆದು ರೂಪವೂ ಇದೆ.

ಪರವಾನಗಿಯಷ್ಟೇ ಗಮನ ಕೊಡಬೇಕಾದ ಸಂಗತಿ ಕೃತಿಸ್ವಾಮ್ಯ ಯಾರ ಕೈಯಲ್ಲಿದೆ ಎಂಬುದು. ಲಿನಕ್ಸ್ ಕರ್ನಲ್‌ನ ಹಕ್ಕು ಸಾವಿರಾರು ಜನರಲ್ಲಿ ಹಂಚಿಹೋಗಿದೆ. ಅವರೆಲ್ಲರ ಒಪ್ಪಿಗೆಯಿಲ್ಲದೆ ಯಾರೊಬ್ಬರೂ ಅದರ ಪರವಾನಗಿಯನ್ನು ಬದಲಿಸಲಾರರು. ಮೊಂಗೋಡಿಬಿ ಎಂಬ ಡೇಟಾಬೇಸ್ ತಂತ್ರಾಂಶದ ಸ್ಥಿತಿ ಬೇರೆ ಇತ್ತು. ಅದು ಎಜಿಪಿಎಲ್‌ನಲ್ಲೇ ಇತ್ತು, ಆದರೆ ಪ್ಯಾಚ್ ಕಳಿಸುವವರಿಂದ ಕಂಪನಿ, ಆ ಕೋಡಿನ ಮೇಲೆ ತನಗೂ ಹಕ್ಕು ಕೊಡುವ ಒಪ್ಪಂದಪತ್ರಕ್ಕೆ ಸಹಿ ಪಡೆಯುತ್ತಿದ್ದುದರಿಂದ 2018ರಲ್ಲಿ ತಾನೇ ಬರೆದ ಬೇರೊಂದು ಪರವಾನಗಿಗೆ ಹೊರಳಲು ಅದಕ್ಕೆ ಸಾಧ್ಯವಾಯಿತು. ಹೀಗಾಗಿ ಯಾವುದೇ ಯೋಜನೆಗೆ ಮೊದಲ ಪ್ಯಾಚ್ ಕಳಿಸುವ ಪ್ರೋಗ್ರಾಮರ್, ಸೋರ್ಸ್‌ನ ಮೇಲುಗಡೆಯ ಫೋಲ್ಡರಿನಲ್ಲಿರುವ ‘ಕಾಪಿಯಿಂಗ್’ ಎಂಬ ಪರವಾನಗಿಯ ಕಡತವನ್ನು ಓದಿದ ಮೇಲೆ, ಸಹಿಗೆಂದು ಬರುವ ಆ ಪತ್ರವನ್ನೂ ಅಷ್ಟೇ ನಿಧಾನವಾಗಿ ಓದಬೇಕು.