ಮೂರು ವಾರಕ್ಕೊಂದು ಪೆನಿಸಿಲಿನ್

ರುಮ್ಯಾಟಿಕ್ ಜ್ವರ ಒಮ್ಮೆ ಬಂದುಹೋದ ಮಗುವಿಗೆ ಅದು ಮರುಕಳಿಸದಂತೆ ತಡೆಯುವ ಮದ್ದು 1950ರ ದಶಕದಿಂದಲೂ ನಮ್ಮ ಬಳಿ ಇದೆ. ಬೆಂಜಥೀನ್ ಪೆನಿಸಿಲಿನ್ ಎಂಬ ಆ ಇಂಜೆಕ್ಷನ್ ಅನ್ನು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಸ್ನಾಯುವಿಗೆ ಚುಚ್ಚುತ್ತಾರೆ. ಹೃದಯಕ್ಕೂ ಪೆಟ್ಟು ಬಿದ್ದಿದ್ದರೆ ಕನಿಷ್ಠ 10 ವರ್ಷ; ಹೃದಯದ ಕವಾಟ (ವಾಲ್ವ್) ಕೆಟ್ಟೇ ಹೋಗಿದ್ದರೆ 40ರ ವಯಸ್ಸಿನವರೆಗೂ, ಕೆಲವರಿಗೆ ಬದುಕಿಡೀ.

ಇಷ್ಟು ಹಟ ಏಕೆಂದರೆ, ಗಂಟಲುನೋವು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಕೆಲವು ಮಕ್ಕಳಲ್ಲಿ ಗುರಿ ತಪ್ಪಿ ಅವರದೇ ಕೀಲುಗಳಿಗೆ, ಹೃದಯದ ಕವಾಟಗಳಿಗೆ ತಾಗುತ್ತದೆ. ಕೀಲುನೋವು ಇಳಿಯುತ್ತದೆ, ಕವಾಟದ ಗಾಯ ಉಳಿಯಬಹುದು. ಜ್ವರ ಮರುಕಳಿಸಿದಷ್ಟೂ ಗಾಯ ಬಲಿಯುತ್ತದೆ. ಅದೃಷ್ಟಕ್ಕೆ ಈ ಬ್ಯಾಕ್ಟೀರಿಯಾ ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ. ಉಗಾಂಡಾದಲ್ಲಿ ಕವಾಟದ ಆರಂಭಿಕ ತೊಂದರೆಯಿದ್ದ 818 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ರೋಗ ಮುಂದುವರಿದದ್ದು ಇಂಜೆಕ್ಷನ್ ಪಡೆದವರಲ್ಲಿ ಶೇ. 0.8, ಪಡೆಯದವರಲ್ಲಿ ಶೇ. 8.2.

ಮದ್ದು ಸೋಲುತ್ತಿಲ್ಲ, ಅದನ್ನು ಕೊಡುವ ಬಗೆ ಸೋಲುತ್ತಿದೆ. ನೀರಿನಲ್ಲಿ ಕಲಸಿದ ಪುಡಿ ಗಂಜಿಯಂತೆ ಮಂದವಾಗಿ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಚುಚ್ಚಿದ ಜಾಗ ದಿನಗಟ್ಟಲೆ ನೋಯುತ್ತದೆ. ಅಲರ್ಜಿಯ ತೀವ್ರ ಆಘಾತ ಅಪರೂಪವೇ ಆದರೂ ಅದರ ಭಯದಿಂದ ಸಣ್ಣ ಆಸ್ಪತ್ರೆಗಳು ಹಿಂಜರಿಯುವುದು ನಮ್ಮ ದೇಶದಲ್ಲಿ ಹೊಸದಲ್ಲ. ಆಗ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ್ದೋ ಮುಳ್ಳೇರಿಯದ್ದೋ ಮಗು ಕಾಸರಗೋಡು ಪೇಟೆಗೆ, ಇಲ್ಲವೇ ಮಂಗಳೂರಿಗೆ ಹೊರಡಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸುಲಭವಾಗಿ ಕಡಿಯುತ್ತದೆ ಎಂಬುದನ್ನು ಗಡಿನಾಡಿನ ರೋಗಿಗಳು ಅನುಭವಿಸಿದ್ದಾರೆ. ಶಾಲೆಗೂ ಕೂಲಿಗೂ ರಜೆ ಹಾಕಿ, ನೋವಿಗಾಗಿಯೇ ಬಸ್ ಹತ್ತಬೇಕಾದ ಹುಡುಗಿ ಒಂದು ತಾರೀಕು ತಪ್ಪಿಸಿದರೆ ಅದನ್ನು ಉದಾಸೀನ ಎಂದು ಕರೆಯುವುದು ಅನ್ಯಾಯ.

ತಾರೀಕು ತಪ್ಪದಿದ್ದರೂ ಅನೇಕರ ರಕ್ತದಲ್ಲಿ ಪೆನಿಸಿಲಿನ್ ನಾಲ್ಕನೆಯ ವಾರಕ್ಕೆ ಮೊದಲೇ ಬೇಕಾದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು ಸ್ನಾಯುವನ್ನು ಬಿಟ್ಟು ಚರ್ಮದಡಿಯ ಕೊಬ್ಬಿನ ಪದರವನ್ನು ಆರಿಸಿಕೊಂಡರು. ಅಲ್ಲಿಗೆ ದೊಡ್ಡ ಪ್ರಮಾಣವನ್ನು, ಹೆಚ್ಚೆಂದರೆ ರೂಢಿಯ ಒಂಬತ್ತು ಪಟ್ಟನ್ನು, ನಿಧಾನವಾಗಿ ಹರಿಸಿದರು. ಮದ್ದು ಅಲ್ಲಿಂದ ಮೆಲ್ಲಮೆಲ್ಲನೆ ರಕ್ತಕ್ಕಿಳಿಯುತ್ತದೆ. ಒಂದು ಸಲಕ್ಕೆ ಸುಮಾರು ಮೂರು ತಿಂಗಳ ರಕ್ಷಣೆ ಸಿಗಬಹುದೆಂಬುದು ಅವರ ಲೆಕ್ಕ. ಮೊದಲ ಪರೀಕ್ಷೆ ಆರೋಗ್ಯವಂತ ವಯಸ್ಕರ ಮೇಲೆ ನಡೆಯಿತು. ಬಳಿಕ ನ್ಯೂಜಿಲೆಂಡಿನಲ್ಲಿ ರೋಗವಿರುವ ಎಳೆಯರೂ ಇದನ್ನು ಪಡೆದರು.

ಆ ವಿಧಾನ ನಮ್ಮಲ್ಲಿಗೆ ಬರುವವರೆಗೆ ಕೈಯಲ್ಲಿರುವ ಉಪಾಯಗಳನ್ನಾದರೂ ಬಿಡಬಾರದು. ಮದ್ದಿಗೆ ಮರಗಟ್ಟಿಸುವ ಔಷಧಿಯಾದ ಲಿಡೊಕೇನ್ ಬೆರೆಸಿ ನಿಧಾನವಾಗಿ ಚುಚ್ಚಿದರೆ ನೋವು ಕಡಿಮೆ. ಇದನ್ನು ವೈದ್ಯರ ಬಳಿ ಕೇಳುವುದು ತಾಯ್ತಂದೆಯರ ಹಕ್ಕು.