ನಿದ್ದೆಯಲ್ಲಿ ನಾಯಿ ಕುಂಯ್‌ಗುಟ್ಟಿದರೆ ಎಬ್ಬಿಸಬೇಕೇ?

ಪ್ರಶ್ನೆ: ನಮ್ಮ ನಾಯಿ ಗಾಢವಾಗಿ ಮಲಗಿರುವಾಗ ಇದ್ದಕ್ಕಿದ್ದಂತೆ ಕಾಲು ಝಾಡಿಸುತ್ತದೆ, ಕುಂಯ್‌ಗುಟ್ಟುತ್ತದೆ, ಒಮ್ಮೊಮ್ಮೆ ಗಂಟಲಲ್ಲೇ ಬೊಗಳುತ್ತದೆ. ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಎಬ್ಬಿಸಿಬಿಡಲೇ?

ಉತ್ತರ: ಬೇಡ. ಬಹುಪಾಲು ಅದು ನೋವಲ್ಲ, ಕನಸು.

ಮುಂದಿನ ಸಲ ಎರಡು ಮಾರು ದೂರ ಕೂತು ಗಮನಿಸಿ. ಮಲಗಿದ ಹೊಸದರಲ್ಲಿ ಉಸಿರು ಒಂದೇ ಲಯದಲ್ಲಿ ನಿಧಾನವಾಗಿ ಏರಿಳಿಯುತ್ತಿರುತ್ತದೆ. ಸುಮಾರು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಆ ಲಯ ತಪ್ಪುತ್ತದೆ. ಮುಚ್ಚಿದ ರೆಪ್ಪೆಯಡಿ ಕಣ್ಣಗುಡ್ಡೆ ಅತ್ತಿತ್ತ ಹೊರಳುತ್ತದೆ, ಮೀಸೆ ಅದುರುತ್ತದೆ, ತುಟಿಯಂಚು ಸೆಳೆಯುತ್ತದೆ, ಆಮೇಲೆ ಪಂಜದ ಸರದಿ. ಇದು ರೆಮ್ ನಿದ್ದೆ, ಅಂದರೆ ಕಣ್ಣಗುಡ್ಡೆ ಚುರುಕಾಗಿ ಹೊರಳುವ, ಕನಸು ಬೀಳುವ ಹಂತ. ಮನುಷ್ಯರಲ್ಲಿ 1953ರಲ್ಲಿ ಗುರುತಿಸಿದ್ದು ಇದನ್ನೇ. ‘ನಾಯಿನಿದ್ದೆ’ ಎಂದರೆ ಹಗುರ ನಿದ್ದೆ ಅನ್ನುತ್ತೇವಲ್ಲ, ಈ ಹೊತ್ತಿನ ನಾಯಿಗೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ.

ಆಗ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುತ್ತದೆ. ಕನಸಿನಲ್ಲಿ ಓಡಿದ್ದು ನಿಜವಾದ ಓಟವಾಗದಂತೆ ಮಿದುಳಕಾಂಡದ ‘ಪಾನ್ಸ್’ ಎಂಬ ಭಾಗ ಸ್ನಾಯುಗಳನ್ನು ಹಿಡಿದಿಟ್ಟಿರುತ್ತದೆ. ಆ ಹಿಡಿತದಿಂದ ನುಣುಚಿಕೊಂಡು ಬಂದ ಚೂರುಪಾರೇ ನೀವು ನೋಡುವ ಝಾಡಿಕೆ. ಮರಿಗಳಲ್ಲಿ ಈ ಹಿಡಿತ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಅವು ಮೈಯೆಲ್ಲ ಅದುರಿಸುತ್ತವೆ.

ಕನಸಿನಲ್ಲಿ ಏನಿರುತ್ತದೆ? ನಾಯಿಯನ್ನು ಕೇಳಿ ತಿಳಿಯುವಂತಿಲ್ಲ. ಆದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಕೆನ್‌ವೇ ಲೂಯಿ 2001ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಎಚ್ಚರವಿದ್ದಾಗ ಹಾದಿಯಲ್ಲಿ ಓಡಿದ ಇಲಿಯ ಮಿದುಳಲ್ಲಿ ಮೂಡಿದ ಮಿಡಿತದ ವಿನ್ಯಾಸವೇ ರೆಮ್ ನಿದ್ದೆಯಲ್ಲೂ ಮರಳಿ ಮೂಡಿತ್ತು. ಇಲಿಗೇ ಇಷ್ಟು ಸಾಧ್ಯವಾದರೆ, ನಾಯಿಯೂ ಸಂಜೆ ಅಟ್ಟಿಸಿಕೊಂಡು ಹೋದ ಚೆಂಡಿನ ಹಿಂದೆ ರಾತ್ರಿ ಮತ್ತೆ ಓಡುತ್ತದೆ ಎಂದೇ ನಾನು ನಂಬಿದ್ದೇನೆ.

ಎಬ್ಬಿಸಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಕನಸಿನ ನಡುವೆ ಮೈಮುಟ್ಟಿದರೆ ಎಷ್ಟೇ ಸಾಧುವಾದ ನಾಯಿಯೂ ಬೆಚ್ಚಿಬಿದ್ದು, ಯಾರೆಂದು ತಿಳಿಯುವ ಮೊದಲೇ ಬಾಯಿ ಹಾಕೀತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮೊದಲು ಕಲಿಸಿ. ಎಬ್ಬಿಸಲೇಬೇಕಾದರೆ ದೂರದಿಂದ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ.

ಭಯಪಡಬೇಕಾದದ್ದು ಫಿಟ್ಸ್‌ಗೆ. ಕನಸಿನ ಝಾಡಿಕೆ ಬಿಟ್ಟುಬಿಟ್ಟು ಬಂದು ಸಾಮಾನ್ಯವಾಗಿ ಅರೆನಿಮಿಷದೊಳಗೆ ನಿಲ್ಲುತ್ತದೆ, ಮೈ ಸಡಿಲವಾಗಿಯೇ ಇರುತ್ತದೆ. ಫಿಟ್ಸ್‌ನಲ್ಲಿ ಕಾಲು ಮರದಂತೆ ಸೆಟೆಯುತ್ತದೆ, ಮೈಯೆಲ್ಲ ಜೋರಾಗಿ ಅದುರುತ್ತದೆ, ಜೊಲ್ಲು ಸುರಿಯಬಹುದು, ಮಲಗಿದಲ್ಲೇ ಮೂತ್ರ ಹೋಗಬಹುದು, ಎಷ್ಟು ಕರೆದರೂ ಓಗೊಡುವುದಿಲ್ಲ. ಎದ್ದ ಮೇಲಿನ ನಡೆಯೂ ಬೇರೆ: ಕನಸು ಮುಗಿಸಿದ ನಾಯಿ ಮೈಮುರಿದು ನಿಮ್ಮನ್ನು ನೋಡಿ ಬಾಲ ಬಡಿಯುತ್ತದೆ, ಫಿಟ್ಸ್ ಕಳೆದದ್ದು ತೂರಾಡುತ್ತದೆ, ಮನೆಯವರನ್ನೇ ಗುರುತಿಸದೆ ಗೋಡೆಗೆ ಮುಖ ಮಾಡಿ ನಿಂತುಬಿಡಬಹುದು. ಅಂಥದ್ದು ಕಂಡರೆ ಬಾಯಿಗೆ ಕೈ ಹಾಕದೆ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡುತ್ತಾ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನಿಂತುಹೋದರೂ ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ. ಐದು ನಿಮಿಷ ದಾಟಿದರೆ, ಇಲ್ಲವೇ ಒಂದರ ಹಿಂದೊಂದು ಬಂದರೆ, ಬೆಳಗಾಗಲಿ ಎಂದು ಕಾಯದೆ ಹೊರಟುಬಿಡಿ.